ಹೈಬ್ರಿಡ್ ಗಾಡಿಯಲ್ಲಿ ತವರಿಗೆ

ಒಂದು ಗಾಡಿಯ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕಿ ಹೊಟ್ಟೆ ಹೊರೆದವರು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು, ಅದೇ ಎದ್ದು ಬರುತ್ತದೆ. ನಾನು ಸಣ್ಣಂದಿನಲ್ಲೇ ಶಾಲೆಯ ಪಾಟಿ ಬಿಟ್ಟು ಗ್ಯಾರೇಜಿನ ಪಾನಾ ಹಿಡಿದವನು. ಆಳಂದದಲ್ಲಿ ಕೆಲವು ದಿನ, ಅಫಜಲಪುರದಲ್ಲಿ ಕೆಲವು ದಿನ, ಅದೂ ಬೇಸರವಾದರೆ ಜೇವರ್ಗಿ. ಒಂದು ಕಡೆ ನಿಂತ ಕಾಲಲ್ಲ.

ನಮ್ಮಾಕಿಯ ತವರು ಜೇವರ್ಗಿ ಕಡೆಯ ಕೊಳಕೂರ. ಆಕೆಗೆ ಅಣ್ಣತಮ್ಮಂದಿರಿಲ್ಲ, ಅಲ್ಲಿ ಅವ್ವ ಒಬ್ಬಳೇ. ನಾಗರ ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣಂದಿರು ಬಂದು ಕರಕೊಂಡು ಹೋಗುವಾಗ ಈಕೆ ಬಾಗಿಲಿಗೆ ಒರಗಿ ನೋಡುತ್ತ ನಿಲ್ಲುತ್ತಿದ್ದಳು. "ಬಸ್ಸು ಅದಾವಲ್ಲ, ಹೋಗಿ ಬಾ" ಅಂದರೆ, "ಬಸ್ಸಿಗಿ ಯಾರರೆ ಹೋಗ್ತಾರ. ಕರಿಯಾಕ ಬಂದವರ ಜೋಡಿ ಹೋಗೋದು ಬ್ಯಾರೆ" ಅನ್ನುತ್ತಿದ್ದಳು. ಆ ಮುಖ ನೋಡಲಾರದೆ ನಾನು ಬಾಯಿ ಬಿಟ್ಟೆ: "ಅಣ್ಣ ಇಲ್ದಿದ್ರ ಏನಾತು? ಪಂಚಮಿಗಿ ನಾ ನಿನ್ನ ಮೋಟಾರದಾಗ ಒಯ್ತೇನಿ."

ಮುಂದಿನವೆಲ್ಲ ಆ ಒಂದು ಮಾತಿನ ಬೆನ್ನು ಹತ್ತಿ ಬಂದ ಪ್ರಸಂಗಗಳು.

೧. ಅವಸರದ ಅಕ್ಕಿಕಾಳು

ಆಳಂದದ ಗೌಡರೊಬ್ಬರು ಪಂಚಮಿಗೆ ತಮ್ಮ ಜೀಪು ಕೊಡಲು ಒಪ್ಪಿದರು. ಆದರೆ ಅದರ ರೋಟರ್ ಸೀಳಿತ್ತು. ರೋಟರ್ ಅಂದರೆ ಹೆಬ್ಬೆರಳಿನಷ್ಟು ಕರೀ ತುಂಡು. ಇಂಜಿನ್ನಿನ ಬಗಲಲ್ಲಿ ಗಿರಗಿರ ತಿರುಗುತ್ತ ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕಿಡಿ ಹಂಚುವುದು ಅದರ ಕೆಲಸ. ನಾನು ಕೆಲಸಕ್ಕಿದ್ದ ಗ್ಯಾರೇಜಿನ ಉಸ್ತಾದರು ಅಂಬಾಸಿಡರ್ ಕಾರಿನ ರೋಟರ್ ಒಂದನ್ನು ಕಾನಸು ಅನ್ನುವ ಅರದಿಂದ ತಿಕ್ಕಿ ತಿಕ್ಕಿ ಜೀಪಿಗೆ ಕೂಡಿಸಿದರು.

"ಬ್ಯಾರೆ ಜಾತಿ ಪುರ್ಜಾ, ಉಸ್ತಾದ. ಕೂಡ್ತದೇನ್ರಿ?"

"ಅರೇ ಮಿಯಾ, ಆಳಂದದಾಗ ಮಂದೀನ ಕೂಡಿ ಬಾಳಾಕತ್ತಾರ. ಪುರ್ಜಾಕ್ಕ ಏನ್ ಧಾಡಿ?"

ಹಬ್ಬವಿನ್ನೂ ದೂರವಿತ್ತು, ಲಗ್ನದ ದಿನಗಳು. ಪರೀಕ್ಷೆ ಮಾಡಲೆಂದು ಜೀಪು ಹೊರಗೆ ತಂದೆ. ಓಣಿಯಲ್ಲೊಂದು ಹಂದರ. ನಮ್ಮ ಕಡೆ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿಗೆ ಮದ್ದು ಹಾರಿಸುತ್ತಾರೆ. ಹಿಂದೆ ಕೂತವರಿಗೆ ಮಂತ್ರ ಕೇಳಿಸುವುದಿಲ್ಲ, ಮದುಮಕ್ಕಳು ಕಾಣಿಸುವುದಿಲ್ಲ. ಢಂ ಅಂದ ಕೂಡಲೇ ಕೈಯಲ್ಲಿದ್ದ ಅಕ್ಕಿ ಒಗೆಯುವುದು, ಊಟಕ್ಕೆ ಏಳುವುದು. ನನ್ನ ಜೀಪು ಸರಿಯಾಗಿ ಹಂದರದ ಮುಂದೆ ಸರದಿ ತಪ್ಪಿ ಕಿಡಿ ಹಾರಿಸಿ, ಸೈಲೆನ್ಸರಿನಿಂದ "ಢಂ!" ಅಂದಿತು. ಬಾಜಾದವರು ಜೋರಾಗಿ ಬಾರಿಸಿದರು. ಮಂದಿಯೆಲ್ಲ ಎದ್ದು ಅಕ್ಕಿ ಒಗೆದರು. ಮದುಮಗ ಇನ್ನೂ ಹೊರಗೆ ಬಾಸಿಂಗ ಕಟ್ಟಿಸಿಕೊಳ್ಳುತ್ತಿದ್ದ! ಜಗಲಿಯ ಮೇಲೆ ಇದ್ದದ್ದು ಮದುಮಗಳು, ಆಕೆಯ ಎದುರಿಗೆ ಬಗ್ಗಿ ನಿಂತ ಫೋಟೋದವನು.

ಮುದುಕಿಯೊಬ್ಬಳು ಸೆರಗು ಜಾಡಿಸುತ್ತ ಅಂದಳು: "ಬಿದ್ದ ಅಕ್ಕಿಕಾಳು ಹೊಳ್ಳಿ ಆರಿಸಾಕ ಬರಾಂಗಿಲ್ಲ. ಆ ಫೋಟೋದಾಂವ ಯಾರ ಮಗ ಅದಾನ ಕೇಳ್ರಿ ಮೊದ್ಲ!"

ಆ ಪಂಚಮಿಗೆ ನಮ್ಮಾಕಿ ಮಂದಿಯ ಅಂಗಳದಲ್ಲಿ ಮಂದಿಯ ಮಕ್ಕಳ ಜೋಕಾಲಿ ತೂಗಿದಳು. ತಾನು ಕೂಡಲಿಲ್ಲ. ಗೌಡರು ಲಗ್ನದ ದಿನವೇ ಜೀಪಿನ ಕೀಲಿ ಕಸಿದುಕೊಂಡು ಹೇಳಿದ್ದಿಷ್ಟೇ: "ತಮ್ಮಾ, ಹಗಲೆಲ್ಲ ಬ್ಯಾರೆದವ್ರ ಲಗ್ನ ಮಾಡಿಸೋ ಗಾಡಿ ನನಗ ಬ್ಯಾಡ."

೨. ಚೌಡಾಪುರದ ಬಸಿ

ಮುಂದೆ ಅಫಜಲಪುರದಲ್ಲಿ ಬಾಡಿಗೆ ಜೀಪು ಹೊಡೆಯುತ್ತಿದ್ದೆ, ದಿನಕ್ಕೆ ಇಷ್ಟು ಖೇಪು, ಅಂದರೆ ಇಷ್ಟು ಸಲ ಮಂದಿ ಹೇರಿಕೊಂಡು ಹೋಗಿ ಬರುವುದು ಅಂತ. ಉಸ್ತಾದರು ತಿಕ್ಕಿದ, ಗೌಡರು ಬೇಡವೆಂದು ಕಿತ್ತು ಕೊಟ್ಟ ಆ ರೋಟರ್ ಜೇಬಿನಲ್ಲೇ ಬಂದಿತ್ತು. ಈ ಜೀಪಿಗೆ ಸರಿಯಾಗಿ ಕೂತಿತು. ಪಂಚಮಿಗೆ ನಮ್ಮಾಕಿಯನ್ನು ಮುಂದೆ ಕೂಡಿಸಿಕೊಂಡು, ಹೊಸ ಇಳಕಲ್ ಸೀರೆ, ಮಡಿಲಲ್ಲಿ ಅವ್ವನಿಗೆಂದು ಕಟ್ಟಿದ ಶೇಂಗಾದುಂಡಿಯ ಡಬ್ಬಿ, ಕೊಳಕೂರಿಗೆ ಹೊರಟೆ. ಚೌಡಾಪುರದಲ್ಲಿ ಚಹಾಕ್ಕೆ ನಿಂತೆವು.

ಆಗಿನ ಡ್ರೈವರರು ಗಾಡಿ ಬಿಟ್ಟು ಇಳಿದರೆ ರೋಟರ್ ಕಿತ್ತು ಕೈಯಲ್ಲಿ ಹಿಡಿದೇ ಇಳಿಯುತ್ತಿದ್ದರು. ಅದಿಲ್ಲದ ಗಾಡಿಯನ್ನು ಕಳ್ಳನೂ ಒಯ್ಯಲಾರ. ನಾನು ನನ್ನದನ್ನು ಚಹಾದ ಕಪ್ಪು-ಬಸಿಯ ಬಗಲಿಗಿಟ್ಟೆ. ಎದುರಿಗೆ ಕೂತ ಅಂಬಾಸಿಡರಿನ ಡ್ರೈವರ್ ಸಾಹೇಬನೂ ತನ್ನದನ್ನು ಅಲ್ಲೇ ಇಟ್ಟ. ಮಾತು ಮಳೆಗೆ ಹೋಯಿತು, ರಸ್ತೆಗೆ ಬಂತು. ಎದ್ದಾಗ ಅವನು ನನ್ನದನ್ನು ಒಯ್ದ, ನಾನು ಅವನದನ್ನು. ನನ್ನದು ಸವೆದದ್ದು, ಎಲ್ಲದರೊಳಗೂ ಕೂಡುವಂಥದ್ದು; ಅವನ ಕಾರು ಗುಲಬರ್ಗಾದ ಕಡೆ ಬುರ್ರಂತ ಹೋಯಿತು. ಅವನದು ಅಸಲಿ ಮಾಲು. ನನ್ನ ಜೀಪಿನೊಳಗೆ ಇಳಿಯಲೇ ಇಲ್ಲ.

ಕಾದೆವು. ಗುಲಬರ್ಗಾದ ಕಡೆಯಿಂದ ಬರುವ ಒಂದೊಂದು ಕಾರಿಗೂ ನಮ್ಮಾಕಿ ಎದ್ದು ನಿಲ್ಲುವಳು, ಮತ್ತೆ ಕೂಡುವಳು. ಹೊತ್ತು ಇಳಿಯಿತು, ಇನ್ನು ಕೊಳಕೂರಿಗೆ ಹೋಗಿ ಹಬ್ಬ ಮಾಡುವ ಮಾತಿರಲಿಲ್ಲ. ಕಡೆಗೆ ಡಬ್ಬಿ ಬಿಚ್ಚಿ ಹೋಟೆಲಿನಲ್ಲಿ ಕೂತವರಿಗೆಲ್ಲ ಉಂಡಿ ಹಂಚಿದಳು. "ಹಬ್ಬ ಅದ, ತಿನ್ರಿ" ಅಂದಳು, ಅಷ್ಟೇ. ಸಾಹೇಬ ಸಂಜೆಗೆ ಓಡಿ ಬಂದ: "ಮಾಫ್ ಮಾಡೋ ಭಾಯಿ! ನನ್ನ ಗಾಡಿ ಇವತ್ತಿನಂಗ ಎಂದೂ ಓಡಿದ್ದಿಲ್ಲ. ಅದಕ್ಕ ಡೌಟ ಬಂದು ನಿಲ್ಲಿಸಿ ನೋಡ್ದೆ!"

ಹೋಟೆಲಿನವನು ಎರಡನೆಯ ಉಂಡಿ ಬಾಯಿಗೆ ಹಾಕಿಕೊಂಡು ನಮ್ಮಾಕಿಗೆ ಹೇಳಿದ: "ತಂಗಿ, ಮುಂದಿನ ಪಂಚಮಿಗೂ ಗಾಡಿ ಇಲ್ಲೇ ಕೆಡಿಸ್ಕೋರಿ ಮತ್ತ."

೩. ಬ್ಯಾಳಿ ಡಬ್ಬಿ

ಆ ದಿನ ಆಕೆ ಒಂದು ವಿದ್ಯೆ ಕಲಿತಳು: ಆ ಕರೀ ತುಂಡಿಲ್ಲದಿದ್ದರೆ ಗಂಡ ಎಲ್ಲಿಗೂ ಹೋಗಲಾರ.

ನಾನು ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಒಂದು ಮುಂಜಾನೆ ಗಾಣಗಾಪುರದ ಯಾತ್ರಿಕರು ಜೀಪಿನಲ್ಲಿ ಕೂತು ಕೂಗುತ್ತಿದ್ದಾರೆ, ರೋಟರ್ ಇಟ್ಟಿದ್ದ ನನ್ನ ಅಂಗಿಯ ಜೇಬು ಖಾಲಿ. ಹಾಸಿಗೆ ಜಾಡಿಸಿದೆ, ಒಲೆಯ ಬೂದಿ ಕೆದರಿದೆ. ನಮ್ಮಾಕಿ ರೊಟ್ಟಿ ಬಡಿಯುತ್ತಲೇ ಇದ್ದಳು.

"ನೀ ಏನರೆ ನೋಡಿಯೇನು?"

"ಎರಡ ದಿನ ಮನ್ಯಾಗ ಇರ್ರಿ. ತಾನ ಸಿಗ್ತದ."

ಅದು ತೊಗರಿಬ್ಯಾಳಿ ಡಬ್ಬಿಯ ತಳದಲ್ಲಿತ್ತು. ಆದರೆ ಆಗ ನನಗೆ ತಿಳಿಯದು. ಓಣಿಯ ಇನ್ನೊಬ್ಬ ಜೀಪಿನವನ ಕೈಕಾಲು ಹಿಡಿದು ಅವನ ರೋಟರ್ ತಂದು ಹಾಕಿದೆ, ಗಾಡಿ ಚಾಲೂ ಆಯಿತು. ಬಾಗಿಲಲ್ಲಿ ಹಿಟ್ಟಿನ ಕೈ ಹಿಡಿದು ನಿಂತ ನಮ್ಮಾಕಿ ಮುಖ ಸಣ್ಣಗೆ ಮಾಡಿ ಅಂದಳು: "ಹಂಗಾರ ಊರಾಗಿನ ಎಲ್ಲಾ ಗಾಡಿದೂ ತಂದು ಬ್ಯಾಳ್ಯಾಗ ಇಡಬೇಕಾತು ನಾ!"

ಯಾತ್ರಿಕರು ನಕ್ಕರು, ನಾನೂ ನಕ್ಕು ಗೇರು ಹಾಕಿದೆ. ಈಗ, ಇಷ್ಟು ವರ್ಷಗಳ ಮೇಲೆ, ಆಕೆಯಿಲ್ಲ. ನಾನು ಹೊರಟರೆ ಹೊರಟೆ, ಯಾರೂ ಏನೂ ಬಚ್ಚಿಡುವುದಿಲ್ಲ. ಬ್ಯಾಳಿ ಡಬ್ಬಿಯೊಳಗೆ ಕೈ ಹಾಕಿದರೆ ಬರೀ ಬ್ಯಾಳಿ.

೪. ಆರಬಾರದ ಗಾಡಿ

ಕೊನೆಗೆ ಜೇವರ್ಗಿಯ ಗ್ಯಾರೇಜಿನಲ್ಲಿದ್ದಾಗ ನಾವೇ ಒಂದು ಗಾಡಿ ಕಟ್ಟಿದೆವು. ಮೈ ಜೀಪಿಂದು, ಇಂಜಿನ್ ಅಂಬಾಸಿಡರಿಂದು, ಕಾಯಿಲ್ ಯಾವುದರದೋ, ಪ್ಲಗ್ಗು ನಾಲ್ಕೂ ನಾಲ್ಕು ಊರಿನವು. ಹೈಬ್ರಿಡ್ ಜೋಳ ಬಂದಿದ್ದ ಕಾಲ. ಮಂದಿ ಅದಕ್ಕೂ "ಹೈಬ್ರಿಡ್" ಅಂತಲೇ ಹೆಸರಿಟ್ಟರು. ಪಂಚಮಿಯ ಮುಂಜಾನೆ ಮಾಲಕ ಕೀಲಿ ಕೊಟ್ಟು ಹೇಳಿದ: "ಒಯ್ಯಿ. ಆದ್ರ ಇಂಜಿನ್ ಬಂದ್ ಮಾಡಬ್ಯಾಡ. ಬಿಸಿ ಇದ್ದಾಗ ಆರಿದ್ರ, ತಣ್ಣಗಾಗೋ ತನಕ ಮತ್ತ ಚಾಲೂ ಆಗಾಂಗಿಲ್ಲ. ಮಧ್ಯಾಹ್ನ ನನಗ ಗಾಡಿ ಬೇಕು."

ಅಂತೂ ಕೊಳಕೂರ ಬಂತು! ಎರೆಮಣ್ಣಿನ ಕೆಸರು, ಬೇವಿನ ಮರಕ್ಕೆ ಜೋಕಾಲಿ, ಬಾಗಿಲಲ್ಲಿ ಅತ್ತಿ. ನಮ್ಮಾಕಿ ಗಾಡಿ ನಿಲ್ಲುವ ಮೊದಲೇ ಜಿಗಿದು ಅವ್ವನ ಕೊರಳಿಗೆ ಬಿದ್ದಳು. ನಾನು ಮಾತ್ರ ಇಳಿಯುವಂತಿಲ್ಲ. ಎಕ್ಸಿಲೇಟರ್ ಬಿಟ್ಟರೆ ಇಂಜಿನ್ ಆರುತ್ತದೆ.

ಅತ್ತಿ ಅಳಿಯನ ಕಾಲಿಗೆ ನೀರು ಕೊಡಲು ತಂಬಿಗೆ ತಂದಳು. "ಇಳೀರಿ ಅಳಿಯಂದ್ರ."

"ಇಳಿದ್ರ ಆರತದ, ಅತ್ತಿ."

"ಆರಾಕ ಅದೇನು ದೀಪ ಏನ್ರಿ?"

ಎಡಗಾಲಿನಿಂದ ಎಕ್ಸಿಲೇಟರ್ ತುಳಿದು, ಬಲಗಾಲು ಹೊರಗೆ ಚಾಚಿದೆ. ಊರ ಮಂದಿಯೆಲ್ಲ ಸುತ್ತ ನಿಂತಿದ್ದಾರೆ, ಗಾಡಿ ಡುಬುಡುಬು ಅನ್ನುತ್ತಿದೆ, ಅತ್ತಿ ಆ ಒಂದೇ ಕಾಲಿಗೆ ನೀರು ಹಾಕಿದಳು. ಬಾಯಿಗೆ ಉಂಡಿ ಇಟ್ಟಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು: "ಒಂದ ಕಾಲು ಬಂದದ. ಇನ್ನೊಂದು ಬರೋ ತನಕ ಮಗಳನ್ನ ಕಳಸಾಂಗಿಲ್ಲ!"

ಮಂದಿ ಬಿದ್ದು ಬಿದ್ದು ನಕ್ಕಿತು. ಮಾಲಕನಿಗೆ ಮುಟ್ಟಿಸಲೆಂದು ಒಬ್ಬನೇ ಗಾಡಿ ತಿರುಗಿಸಿದೆ. ಕನ್ನಡಿಯಲ್ಲಿ ನಮ್ಮಾಕಿ ಜೋಕಾಲಿ ಏರಿದ್ದು ಕಂಡಿತು. ಒಮ್ಮೆ ಕನ್ನಡಿಯೊಳಗೆ ಬರುವಳು, ಒಮ್ಮೆ ಹೊರಗೆ ಹೋಗುವಳು. ಇಷ್ಟು ವರ್ಷ ಊರು ಬಿಡುವಾಗ ಹಗುರಾಗುತ್ತಿದ್ದ ಎದೆ ಅಂದೇಕೋ ಭಾರವಾಯಿತು. ಊರ ಕೊನೆಯ ಮನೆ ದಾಟಿದ್ದೇ ತಡ, ಕೆಸರಿನ ನಡುವೆ ಹೈಬ್ರಿಡ್ ಕೆಮ್ಮಿ ಆರಿತು. ಬಾನೆಟ್ ಎತ್ತಲಿಲ್ಲ. ಬೈಯಲಿಲ್ಲ. ಮಾಲಕನ ಮಧ್ಯಾಹ್ನ ಕಾಯಲಿ ಅಂದುಕೊಂಡು, ಮೊಣಕಾಲಿನ ತನಕ ಕೆಸರು ಮಾಡಿಕೊಂಡು ಹೊಳ್ಳಿ ನಡೆದೆ.

ಅತ್ತಿ ದೂರದಿಂದಲೇ ಕಂಡಳು. ಆಶ್ಚರ್ಯವೇನೂ ಪಡದೆ ತಂಬಿಗೆ ಎತ್ತಿಕೊಂಡು ನೆರೆಮನೆಯಾಕೆಗೆ ಕೂಗಿ ಹೇಳಿದಳು: "ನಮ್ಮ ಅಳಿಯ ಭಾಳ ದೊಡ್ಡ ಮನಷಾ ಬೇ! ಒಂದ ಖೇಪಿನ್ಯಾಗ ಬರಾಂಗಿಲ್ಲ."