ಸುಣ್ಣ ಬಳಿದ ಗೋಡೆ

ಠಣ್! ಹಿತ್ತಾಳೆಯ ಪಾವೊಂದು ಹಿಂದಿನ ಪಡಸಾಲೆಯ ಚಪ್ಪಡಿಯ ಮೇಲೆ ಬಿದ್ದು, ಗರಗರ ತಿರುಗಿ, ನಿಂತಿತು. ಆ ಸದ್ದು ಕೇಳಿದಾಗ ನಾನು ಮುಂಬಾಗಿಲಲ್ಲಿ ಕುಳಿತು, ಇಂಗ್ಲಿಷರು ಸಾಲ ತೀರಿಸುತ್ತಿದ್ದ ಬಗೆಯನ್ನು ಬರೆಯುತ್ತಿದ್ದೆ.

(ನಗಬೇಡಿ.) ಬಸವಾಪಟ್ಟಣದಲ್ಲಿ ಇಂಗ್ಲಿಷ್ ಮೇಷ್ಟ್ರಾದ ನಾನು ಮೂವತ್ತೇಳನೆಯ ಇಸವಿಯ ಆ ಶನಿವಾರ ಚನ್ನಗಿರಿಯ ಉಪಾಧ್ಯಾಯರ ಸಭೆಯಲ್ಲಿ ‘ಸಾಲ ತೀರಿಸುವ ಇಂಗ್ಲಿಷ್ ನುಡಿಗಟ್ಟುಗಳ ಚರಿತ್ರೆ’ ಎಂಬ ಘನ ಪ್ರಬಂಧವನ್ನು ಮಂಡಿಸುವವನಿದ್ದೆ. ಮಾರನೆಯ ದಿನ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಮನೆಗೇ ಊಟಕ್ಕೆ ಬರುವವರಿದ್ದರು.

ನನ್ನ ಹೆಂಡತಿ ಬೊಮ್ಮಕ್ಕ ಜಗಳೂರು ಕಡೆಯವಳು. ಹಿಂದಿನ ಸಂಜೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ಒಂದಿಷ್ಟು ಓದಿ ಹೇಳಿದ್ದೆ.

“ನೋಡು, ಬೆಲೆ ಜಾಸ್ತಿ ತೆತ್ತರೆ ಇಂಗ್ಲಿಷರು ‘ಮೂಗಿನ ಮೂಲಕ ಕೊಟ್ಟೆ’ ಅಂತಾರೆ.”

“ಮೂಗಿನಾಗಿಂದ ಕೊಡಾಕೆ ದುಡ್ಡೇನು ನೆಗಡಿಯೇನ್ರಿ?”

“ಅಲ್ಲೇ ಆಗಲೇ ಕೊಟ್ಟರೆ ‘ಮೊಳೆಯ ಮೇಲೆ ಕೊಟ್ಟೆ’ ಅಂತಾರೆ. ಮೊಳೆ ಅಂದ್ರೆ ಪೇಟೆಯಲ್ಲಿದ್ದ ಕಂಚಿನ ಕಂಬ ಅಂತ ಕೆಲವರ ವಾದ. ಎಲ್ಲರ ಎದುರಿಗೆ ಅದರ ಮೇಲೆ ಹಣ ಎಣಿಸಬೇಕಿತ್ತು.”

“ಅಂಥದ್ದೊಂದು ಕಂಬ ನಮ್ಮನೆ ಮುಂದೂ ನೆಡಸ್ರಿ. ನೀವು ಯಾರಿಗೆಷ್ಟು ಕೊಡ್ಬೇಕು ಅಂತ ಊರಿಗೆಲ್ಲ ತಿಳೀತೈತೆ.”

ಇಂಥ ಮನೆಯಲ್ಲಿ ವಿದ್ವತ್ತು ಹೇಗೆ ಬೆಳೆಯಬೇಕು, ನೀವೇ ಹೇಳಿ.

ಬೆಳಿಗ್ಗೆ ಅವಳು ಬಾವಿಗೆ ಹೋದಾಗ, ಸಾಹೇಬರ ಊಟದ ನೆನಪಾಗಿ ನನಗೊಂದು ದಿವ್ಯ ಯೋಚನೆ ಹೊಳೆಯಿತು. ದೀಪಾವಳಿಗೆ ಮನೆಯೆಲ್ಲ ಸುಣ್ಣ ಕಂಡಿದ್ದರೂ ಹಿಂದಿನ ಪಡಸಾಲೆಯ ಒಂದು ಗೋಡೆ ಮಾತ್ರ ಹಾಗೇ ಉಳಿದಿತ್ತು. (ಬಳಿಯುವವನ ಮೈಗಳ್ಳತನವೆಂದು ತಿಳಿದಿದ್ದೆ.) ಅದರ ತುಂಬ ಸಾಲುಸಾಲಾಗಿ ಕೆಮ್ಮಣ್ಣಿನ ಬೊಟ್ಟುಗಳು. ಬೊಮ್ಮಕ್ಕ ಹಬ್ಬಕ್ಕೆ ಮಾಡಿದ ಅಲಂಕಾರವಿರಬೇಕು. ಹಬ್ಬ ಕಳೆದರೂ ಅಲಂಕಾರ ಬೆಳೆಯುತ್ತಲೇ ಇರುವುದೇಕೆಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಸುಣ್ಣ ಕಲಸಿ ಎರಡು ಸಲ ಬಳಿದೆ. ಗೋಡೆಯ ಮೇಲೆ ಬೆಳದಿಂಗಳು ಬಂದು ಮಲಗಿದಂತಾಯಿತು.

ಪಾವು ಬಿದ್ದ ಸದ್ದಿಗೆ ಓಡಿ ಹೋದೆ. ಆ ಬೆಳದಿಂಗಳ ಮುಂದೆ ಮೊಸರು ಮಾರುವ ಉಡಚಮ್ಮ ನಿಂತಿದ್ದಳು. ಕೆಮ್ಮಣ್ಣಲ್ಲಿ ಅದ್ದಿದ ಅವಳ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತ್ತು.

“ಮೇಷ್ಟ್ರೆ... ನನ್ನ ಬೊಟ್ಟು?”

“ಯಾವ ಬೊಟ್ಟು?”

“ಯುಗಾದಿಯಿಂದ ಇಟ್ಟಿದ್ದ ಬೊಟ್ಟು ರೀ! ಪಾವಿಗೊಂದು!”

ಮೊಸರು ಅಳೆದಾಗಲೆಲ್ಲ ಅವಳೊಂದು ಬೊಟ್ಟು ಇಡುತ್ತಿದ್ದಳಂತೆ. ಹಣ ಬಂದ ದಿನ ಅವಳೇ ಒದ್ದೆ ಬಟ್ಟೆಯಿಂದ ಒರೆಸಬೇಕಂತೆ, ಬೇರೆಯವರು ಮುಟ್ಟುವಂತಿಲ್ಲವಂತೆ. ತಿಂಗಳು ತಿಂಗಳು ದುಡ್ಡು ಒಯ್ದರೆ ಅವಳ ಗಂಡ ಗಿಡ್ಡಪ್ಪ ಹೆಂಡದಂಗಡಿಗೆ ಹೊತ್ತುಕೊಂಡು ಹೋಗುತ್ತಿದ್ದ. ಅದಕ್ಕೇ ಎಲ್ಲವನ್ನೂ ನಮ್ಮ ಗೋಡೆಯಲ್ಲಿ ಬಚ್ಚಿಟ್ಟಿದ್ದಳು. ಇವತ್ತು ಒಂದು ಎಮ್ಮೆಗೆ ಮುಂಗಡ ಕೊಡಬೇಕಿತ್ತು. ಮಧ್ಯಾಹ್ನದೊಳಗೆ ಕೊಡದಿದ್ದರೆ ಎಮ್ಮೆ ಬೇರೆಯವರ ಪಾಲು.

ಅವಳ ಕಣ್ಣು ತುಂಬಿದ್ದು ಕಂಡು ನನಗೆ ತಡೆಯಲಾಗಲಿಲ್ಲ. ಸಮಾಧಾನ ಹೇಳಿದೆ.

“ಅಳಬೇಡ ಉಡಚಮ್ಮ. ಇಂಗ್ಲೆಂಡಿನಲ್ಲೂ ಹೀಗೇ ಆಗಿದೆ. ಸಾಲದ ಲೆಕ್ಕವನ್ನು ಕೋಲಿನ ಮೇಲೆ ಗೀರಿ, ಕೋಲು ಸೀಳಿ, ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ಹಳೇ ಕೋಲು ಸುಡೋದಕ್ಕೆ ಹೋಗಿ ಪಾರ್ಲಿಮೆಂಟೇ ಸುಟ್ಟುಹೋಯ್ತು!”

“ಅಲ್ಲೂ ನಿಮ್ಮಂಥ ಮೇಷ್ಟ್ರೊಬ್ರು ಇದ್ರೇನ್ರಿ?”

ಅಷ್ಟರಲ್ಲಿ ಕೊಡ ಹೊತ್ತು ಬೊಮ್ಮಕ್ಕ ಬಂದಳು. ಗೋಡೆ ನೋಡಿದಳು. ನನ್ನ ಕೈಯ ಸುಣ್ಣ ನೋಡಿದಳು. ಕೊಡ ಇಳಿಸುವುದನ್ನೂ ಮರೆತಳು.

“ಅಯ್ಯೋ ನನ್ನ ಶಿವನೇ! ಅದೊಂದು ಗೋಡೆ ಬಿಡು ಅಂತ ಬಳಿಯೋನಿಗೆ ಮೂರು ಸಲ ಹೇಳಿದ್ದೆ!” ಎಂದು ಉಡಚಮ್ಮನ ಕಡೆ ತಿರುಗಿದಳು. “ನಿಂಗೆ ನೆನಪೈತೇನೇ?”

“ನಂಗೆ ಐತೆ ಅಕ್ಕ. ನನ್ನ ಬಾಯಿ ಮಾತು ನೀವು ನಂಬಬೇಕಲ್ಲ?”

“ಹೇಳು. ನಾನು ನಂಬ್ತೀನಿ.”

ಉಡಚಮ್ಮ ಕಣ್ಣು ಮುಚ್ಚಿ ಶುರುಮಾಡಿದಳು. “ಯುಗಾದಿ ದಿನ ನಾಕು ಪಾವು. ನಿಮ್ಮತ್ತೆ ಬಂದಿದ್ದ ಹನ್ನೊಂದು ದಿನ ದಿನಾ ಮೂರು. ಆಷಾಢದಾಗೆ ಮೇಷ್ಟ್ರಿಗೆ ಜ್ವರ, ಆರು ದಿನ ಬೇಡ ಅಂದ್ರಿ. ಏಳನೇ ದಿನ ಗಂಜಿಗೆ ಅಂತ ನಾನೇ ಒಂದು ಪಾವು ಕೊಟ್ಟೆ, ಅದಕ್ಕೆ ಬೊಟ್ಟು ಇಟ್ಟಿಲ್ಲ...”

ನಾನು ಬೆರಗಾದೆ. ನಮ್ಮ ಮನೆಯ ಏಳು ತಿಂಗಳ ಹಬ್ಬ, ಕಾಯಿಲೆ, ನೆಂಟರು ಎಲ್ಲ ಆ ತಾಯಿಯ ನಾಲಿಗೆಯ ಮೇಲಿದ್ದವು. ಬೊಮ್ಮಕ್ಕ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.

“ಒಟ್ಟು ಮುನ್ನೂರ ಇಪ್ಪತ್ತು ಪಾವು. ಅರ್ಧಾಣೆ ಲೆಕ್ಕದಾಗೆ ಹತ್ತು ರೂಪಾಯಿ.”

“ಎಲ್ಲಾ ಸರಿ ಐತೆ. ಆದ್ರೆ ಹತ್ತಲ್ಲ, ಏಳು,” ಎಂದಳು ಬೊಮ್ಮಕ್ಕ. “ಶ್ರಾವಣದಾಗೆ ನಾನು ತವರಿಗೆ ಹೋಗುವಾಗ ನಿಂಗೆ ಕೊಡ್ರಿ ಅಂತ ಇವರ ಕೈಯಾಗೆ ಮೂರು ರೂಪಾಯಿ ಇಟ್ಟು ಹೋಗಿದ್ದೆ.”

“ನನಗೆ ಯಾರು ಕೊಟ್ರು? ‘ಬರೋ ತಿಂಗಳು ನೋಡಾಣ’ ಅಂದ್ರು ಮೇಷ್ಟ್ರು.”

ಇಬ್ಬರೂ ನನ್ನ ಕಡೆ ತಿರುಗಿದರು. (ಆ ಮೂರು ರೂಪಾಯಿ ಬೆಂಗಳೂರಿಗೆ ಹೋಗಿ, ಇಂಗ್ಲಿಷ್ ನುಡಿಗಟ್ಟುಗಳ ದಪ್ಪ ಪುಸ್ತಕವಾಗಿ ಅಂಚೆಯಲ್ಲಿ ಮರಳಿತ್ತು. ನಿಮಗೆ ಮಾತ್ರ ಹೇಳುತ್ತಿದ್ದೇನೆ.)

“ಓಹೋ!” ಎಂದಳು ಬೊಮ್ಮಕ್ಕ. “ಅದಕ್ಕೇ ಗೋಡೆಗೆ ಸುಣ್ಣ!”

“ಇಲ್ಲ ಕಣೇ! ಅದು ಅಲಂಕಾರ ಅಂತ...”

“ಮುನ್ನೂರ ಇಪ್ಪತ್ತು ಬೊಟ್ಟು! ಅಲಂಕಾರ!” ಉಡಚಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಗಿಡ್ಡಪ್ಪ ಕುಡುಕ ನಿಜ, ಆದ್ರೆ ಇಷ್ಟು ಬುದ್ಧಿ ಅವನಿಗಿಲ್ಲ ಬಿಡ್ರಿ.”

ನಿಜ ಹೇಳಿದವನನ್ನು ನಂಬುವವರಿಲ್ಲದ ದಿನ ಎಂಥದೆಂದು ಅಂದು ತಿಳಿಯಿತು. ಬೊಮ್ಮಕ್ಕ ಒಳಗೆ ಹೋಗಿ ಟ್ರಂಕು ತೆಗೆದಳು. ಸಭೆಗೆಂದು ಹೊಲಿಯಲು ಕೊಟ್ಟಿದ್ದ ಕರೀ ಕೋಟಿಗಾಗಿ ಎತ್ತಿಟ್ಟಿದ್ದ ಹತ್ತು ರೂಪಾಯಿ ತಂದು ಉಡಚಮ್ಮನ ಸೆರಗಿಗೆ ಹಾಕಿ, ತಾನೇ ಗಂಟು ಬಿಗಿದಳು.

“ಬೊಮ್ಮಕ್ಕ, ಅದು ಕೋಟು! ಸಾಲ ತೀರಿಸೋದರ ಮೇಲೆ ಭಾಷಣ ಮಾಡೋನು ಹರಕು ಅಂಗಿಯಲ್ಲಿ ನಿಲ್ಲಬೇಕಾ?”

“ನಿಲ್ರಿ. ಸಾಲ ತೀರಿಸಿದೋರು ಹೆಂಗಿರ್ತಾರೆ ಅಂತ ಜನಕ್ಕೂ ಕಾಣ್ಲಿ.”

“ಹಾಗಲ್ಲ. ಸ್ವಲ್ಪ ಕೂತ್ಕೋ. ಆ ದುಡ್ಡಿಗೆ ಒಂದು ಪುಸ್ತಕ ತರಿಸಿದೆ. ಅದರಲ್ಲಿ ಏನಿದೆ ಅಂತ ನಿನಗೆ ತಿಳಿದರೆ ಮೂರು ರೂಪಾಯಿ ಹೆಚ್ಚಲ್ಲ ಅಂತ ನೀನೇ ಹೇಳ್ತೀಯ. ನೋಡು, ಇಂಗ್ಲಿಷಿನಲ್ಲಿ ಋಣಮುಕ್ತನಾಗುವುದಕ್ಕೆ ಹದಿನಾಲ್ಕು ಬಗೆಯ...”

“ನಡಿ ಉಡಚಮ್ಮ, ಎಮ್ಮೆ ಕೆಚ್ಚಲು ನಾನೂ ನೋಡ್ತೀನಿ,” ಎಂದು ಬೊಮ್ಮಕ್ಕ ಸೆರಗು ಸಿಕ್ಕಿಸಿ ಹಿತ್ತಲ ಬಾಗಿಲು ದಾಟಿ ಹೊರಟೇಹೋದಳು. ನಾನಿನ್ನೂ ಮೊದಲನೆಯ ಬಗೆಯಲ್ಲೇ ಇದ್ದೆ.