ಕನ್ನಡಕದಣ್ಣನ ಮುಖ

ಎರಡು ಗುಳ್ಳೆ. ಒಂದು ಎಡಗಣ್ಣಿನ ರೆಪ್ಪೆಯ ಅಂಚಿಗೆ, ಇನ್ನೊಂದು ಬಲಗಣ್ಣಿನ ಮೂಲೆಗೆ. ಚಿಕನ್‌ಪಾಕ್ಸ್ ಬಂದಿದ್ದ ಮಗಳ ಮೈಮೇಲಿನ ಉಳಿದ ಗುಳ್ಳೆಗಳ ಬಗ್ಗೆ ಡಾಕ್ಟರು ತಲೆ ಕೆಡಿಸಿಕೊಂಡಿರಲಿಲ್ಲ. ಈ ಎರಡನ್ನು ಮಾತ್ರ ಟಾರ್ಚು ಬಿಟ್ಟು ನೋಡಿ, "ಉಗುರು ತಾಗಿ ಒಡೆದರೆ ಕಣ್ಣಿಗೆ ತೊಂದರೆ. ಕೈ ಹೋಗದ ಹಾಗೆ ನೋಡ್ಕೊಳ್ಳಿ, ನಾಳೆ ಸಂಜೆ ಕರ್ಕೊಂಡು ಬನ್ನಿ" ಎಂದಿದ್ದರು.

ಮರುದಿನ ಬೆಳಿಗ್ಗೆ ಹಗಲು ಪಾಳಿಗೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ಅವಳ ಕೈ ಕಣ್ಣಿಗೆ ಹೋಯ್ತೋ, ನಿಮ್ಮನ್ನ ವಿಚಾರಿಸ್ಕೋತೀನಿ."

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವುದರಿಂದ ಬೀದಿಗೆಲ್ಲ ಕನ್ನಡಕದಣ್ಣ ಎನಿಸಿಕೊಂಡಿದ್ದ ಅವನು ಅಂದು ರಜೆ ಹಾಕಿದ್ದ. ಮಗಳ ಉಗುರು ಕತ್ತರಿಸಿದ. ಕೈಗೆ ಕಾಲುಚೀಲ ತೊಡಿಸಿದ. ಆರು ವರ್ಷದ ಮಗಳು ಹಲ್ಲಿನಿಂದ ಅದನ್ನು ಕಿತ್ತೆಸೆದಳು. ತಣ್ಣೀರು ಬಟ್ಟೆ ಇಟ್ಟ. ಅದು ಬೆಚ್ಚಗಾದ ತಕ್ಷಣ ಮತ್ತೆ ಕೆರೆತ. ಅವಳ ಕೈ ಮೇಲೇಳುತ್ತಿದ್ದಂತೆ ಇವನ ಎದೆ ಧಸಕ್ಕೆನ್ನುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಬಾಗಿಲಲ್ಲೇ ನಿಂತು ಒಂದು ಪುಟ್ಟ ಸೀಸೆ ತೋರಿಸಿದರು.

"ನನ್ನ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದು. ಇನ್ನೂ ಅರ್ಧ ಇದೆ. ಎರಡು ಹನಿ ಬಿಡಪ್ಪ."

"ಬೇಡಮ್ಮ, ಡಾಕ್ಟರನ್ನ ಕೇಳದೆ ಕಣ್ಣಿಗೆ ಏನೂ ಹಾಕೋ ಹಾಗಿಲ್ಲ."

"ನನ್ನ ಕಣ್ಣಿಗೆ ಹಾಕಿದ್ದು ಡಾಕ್ಟರೇ ಅಲ್ವಾ?"

ಯಾರಿಗೂ ಎದುರಾಡದ ಮನುಷ್ಯ ಅವತ್ತು ಬಾಗಿಲಿಗೆ ಅಡ್ಡ ನಿಂತು, ಕೈಮುಗಿದು, ಆ ಸೀಸೆಯನ್ನು ಬಂದ ದಾರಿಗೇ ಕಳಿಸಿದ. ಟೀಚರಮ್ಮ ಮುಖ ಊದಿಸಿಕೊಂಡು ಹೋದರು.

ತಿರುಗಿ ನೋಡಿದರೆ ಮಗಳ ಬೆರಳು ರೆಪ್ಪೆಯ ಹತ್ತಿರ ಬಂದಾಗಿತ್ತು. ಅವನು ಓಡಿ ಬಂದು ಕೈ ಹಿಡಿದ.

"ಕೆರೀತದಪ್ಪ," ಎಂದು ಅವಳು ಅತ್ತಳು. "ಏನಾದ್ರೂ ಮಾಡ್ಲೇಬೇಕು."

ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ನಿಂಗೆ ಎಲ್ಲಿ ಕೆರೀತದೋ ನನ್ನ ಮುಖದಲ್ಲಿ ಅದೇ ಜಾಗ ಚಿವುಟು ಮರಿ. ನಿಂದು ಮಾತ್ರ ಮುಟ್ಬೇಡ."

ಮಗಳ ಅಳು ನಿಂತಿತು. ಅಪ್ಪನ ಹುಬ್ಬಿನ ಕೆಳಗೆ ಒಂದು ಚಿವುಟಿದಳು. ನಕ್ಕಳು. ಉಗುರು ಕತ್ತರಿಸಿದ್ದೇನೆ, ನೋಯುವುದಿಲ್ಲ ಎಂದುಕೊಂಡಿದ್ದ ಅವನಿಗೆ ಚಿವುಟಲು ಉಗುರು ಬೇಡವೆಂದು ಗೊತ್ತಾಯಿತು.

ಆದರೆ ಉಪಾಯ ಫಲಿಸಿತು. ಊಟವಾಗಿ, ಕೆರೆತದ ಸಿರಪ್ಪು ಕುಡಿಸಿದ ಮೇಲೂ ಅವನು ಕಾವಲು ಸಡಿಲಿಸಲಿಲ್ಲ. ಪಾತ್ರೆ ತೊಳೆಯುತ್ತಿದ್ದವನು ಸೋಪಿನ ಕೈಯಲ್ಲೇ ಬಂದು, "ಕೆರೀತಾ ಇದ್ಯಾ ಮರಿ?" ಎಂದು ಮುಖ ಒಡ್ಡುತ್ತಿದ್ದ. ಚಿವುಟಿಸಿಕೊಂಡು ಹೋಗುತ್ತಿದ್ದ. ಕಣ್ಣ ಸುತ್ತ, ಕೆನ್ನೆ, ಹಣೆ, ಎಲ್ಲೆಲ್ಲೂ ಗುಂಡಗೆ ಕೆಂಪು ಗುರುತು. ಅವನು ಒಂದು ಸಲವೂ ಹಾ ಎನ್ನಲಿಲ್ಲ. ಅಂಥ ಅಪ್ಪಂದಿರು ಕಡಿಮೆ ಎಂದು ಹೇಳಲೇಬೇಕು.

ಮೂರು ಗಂಟೆಗೆ ಅಂಗಡಿ ಯಜಮಾನರು ಬಂದರು. ಶೋಕೇಸಿನ ಬೀಗದ ಕೈ ಇವನ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಬಾಗಿಲು ತೆರೆದ ಮುಖ ನೋಡಿ ಅವರು ಎರಡು ಮೆಟ್ಟಿಲು ಕೆಳಗಿಳಿದರು.

"ನಿಮಗೂ ಬಂತಾ?"

"ಇಲ್ಲ ಸಾರ್. ಇದು ಮಗಳು ಚಿವುಟಿದ್ದು."

"ಇಷ್ಟೊಂದು?"

"ನಾನೇ ಚಿವುಟು ಅಂದೆ ಸಾರ್."

ಯಜಮಾನರು ಅವನನ್ನು ಕನಿಕರದಿಂದ ನೋಡಿದರು. "ಜ್ವರ ತಲೆಗೇರಿದೆ," ಎಂದರು. "ಬೀಗದ ಕೈ ನೆಲದ ಮೇಲಿಟ್ಟು ಒಳಗೆ ಹೋಗಿ. ಫ್ರೇಮ್ ಹಾಕಿ ತೋರಿಸೋದು ನಿಮ್ಮ ಮುಖದ ಮೇಲೇ ಅಲ್ವೇನ್ರಿ? ಒಂದು ಗುರುತೂ ಇಲ್ಲದ ಹಾಗೆ ಆದಮೇಲೆ ಬನ್ನಿ. ಅಲ್ಲೀತನಕ ಸಂಬಳ ಇಲ್ಲ." ಕರ್ಚೀಫಿನಲ್ಲಿ ಬೀಗದ ಕೈ ಎತ್ತಿಕೊಂಡು ಹೊರಟೇಹೋದರು. ಮೆಟ್ಟಿಲಲ್ಲಿ ಸಿಕ್ಕ ಟೀಚರಮ್ಮನಿಗೂ ಸುದ್ದಿ ಮುಟ್ಟಿತು. "ನನ್ನ ಹನಿ ಬೇಡ ಅಂದ," ಎನ್ನುವುದು ಒಳಗಿನವರೆಗೂ ಕೇಳಿಸಿತು.

ಅವನು ಬಾಗಿಲು ಹಾಕಿದ. ಮಗಳ ಹತ್ತಿರ ಹೋಗಿ ಕೂತು, "ಕೆರೀತಾ ಇದ್ಯಾ ಮರಿ?" ಎಂದ.

ಸಂಜೆ ದವಾಖಾನೆಯ ಬೆಂಚಿನಲ್ಲಿ ಮಗಳ ಪಕ್ಕದವರು ಹಾಗೇ ಕೂತಿದ್ದರು. ಇವನ ಪಕ್ಕದವರು ಮಾತ್ರ ಎದ್ದು ಗೋಡೆಗೆ ಅಂಟಿಕೊಂಡರು. ಡಾಕ್ಟರು ಟಾರ್ಚು ಬಿಟ್ಟು ಅವಳ ಕಣ್ಣು ತುಂಬಾ ಹೊತ್ತು ನೋಡಿದರು. ಅವನು ಉಸಿರು ಬಿಗಿಹಿಡಿದು ನಿಂತ.

"ಒಂದೂ ಒಡೆದಿಲ್ಲ. ಕಣ್ಣು ಶುಭ್ರವಾಗಿದೆ. ದೊಡ್ಡವರೇ ತಡ್ಕೊಳ್ಳಲ್ಲ, ಇಷ್ಟು ಚಿಕ್ಕವಳನ್ನ ಹೇಗ್ರೀ ನೋಡ್ಕೊಂಡ್ರಿ?"

ಅವನ ಕಣ್ಣು ತುಂಬಿತು. ಸಂಬಳ ಹೋದರೆ ಹೋಗಲಿ ಎನಿಸಿತು. ನಡೆದದ್ದನ್ನು ಹೇಳಿದ. ಡಾಕ್ಟರು ನಗಲಿಲ್ಲ. ಎದ್ದು ನಿಂತು ಅವನ ಕೈ ಕುಲುಕಿದರು. ಆಮೇಲೆ ಏನೋ ನೆನಪಾಗಿ ಕೇಳಿದರು.

"ಮಧ್ಯಾಹ್ನ ಸಿರಪ್ ಕೊಟ್ರಲ್ಲ, ಆಮೇಲೆ ಕೆರೆತ ಕಮ್ಮಿ ಆಗ್ಬೇಕಿತ್ತಲ್ಲ?"

"ಕಮ್ಮಿ ಅಲ್ಲ ಡಾಕ್ಟರಂಕಲ್," ಎಂದಳು ಮಗಳು. "ನಿಂತೇ ಹೋಯ್ತು."

ಅವನು ಮೆಲ್ಲಗೆ ಮಗಳ ಕಡೆ ತಿರುಗಿದ. "ಮತ್ತೆ ಸಂಜೆತನಕ ನನ್ನ ಚಿವುಟಿದ್ದು?"

"ನೀನೇ ಬಂದು ಬಂದು ಮುಖ ಕೊಡ್ತಿದ್ದೆ. ಅಷ್ಟು ಆಸೆಯಿಂದ ಕೇಳ್ತೀಯ, ಬೇಡ ಅಂದ್ರೆ ನಿಂಗೆ ಬೇಜಾರಾಗಲ್ವಾ?" ಎಂದಳು. ಅವನ ಕೆನ್ನೆ ಸವರಿ, ಸಮಾಧಾನ ಮಾಡುವವಳಂತೆ ಸೇರಿಸಿದಳು: "ನಾಳೆಯಿಂದ ನಿಧಾನಕ್ಕೆ ಚಿವುಟ್ತೀನಪ್ಪ. ಹೇಗೂ ನಿಂಗೆ ಅಂಗಡಿ ಇಲ್ವಲ್ಲ."