ಪರದೆಯ ಹಿಂದಿನ ಬಾಗಿಲು

"ಪ್ರಾಣ ಹೋದರೂ ಸರಿ, ಹೊರಗಿನ ಒಬ್ಬ ನರಪಿಳ್ಳೆಯನ್ನೂ ನಮ್ಮ ಅಂಗಡಿಯ ಶೌಚಾಲಯದೊಳಗೆ ಬಿಡುವುದಿಲ್ಲ!" ಎಂದು ಪರದೆ ಅಂಗಡಿಯ ಯಜಮಾನರು ಬೆಳಿಗ್ಗೆ ಶಟರ್ ಎತ್ತುತ್ತಲೇ ಘೋಷಿಸಿದರು. ಕೋಟೆಯ ಹೆಬ್ಬಾಗಿಲು ಕಾಯುವ ದಳವಾಯಿಗೂ ಇಷ್ಟು ಗತ್ತು ಇದ್ದಿರಲಿಕ್ಕಿಲ್ಲ. ಕೇಳಿಸಿಕೊಳ್ಳಲು ಅಲ್ಲಿದ್ದವರು ಅವರ ಹೆಂಡತಿ ಒಬ್ಬರೇ. ಆಕೆ ಬಗ್ಗಿ ಮೆಟ್ಟಿಲು ಗುಡಿಸುತ್ತಿದ್ದರು.

"ಈಗ ಯಾರು ಕೇಳಿದ್ರು? ಇನ್ನೂ ಒಬ್ಬ ಗಿರಾಕೀನೂ ಬಂದಿಲ್ಲ."

"ಸಂಜೆ ಸಭೇಲಿ ಹೇಳಬೇಕಾದ ಮಾತು. ಅಭ್ಯಾಸ ಮಾಡ್ತಿದ್ದೆ."

"ಹಾಗಾದ್ರೆ ಸ್ವಲ್ಪ ಆಚೆ ನಿಂತು ಅಭ್ಯಾಸ ಮಾಡಿ. ಕಾಲ ಕೆಳಗೆ ಕಸ ಇದೆ."

ಯಜಮಾನರು ಆ ಬೀದಿಯ ಅಂಗಡಿಕಾರರ ಸಂಘದ ಅಧ್ಯಕ್ಷರು. ಸಂಜೆಯ ಸಭೆಯಲ್ಲಿ ಮತ್ತೊಮ್ಮೆ ಅಧ್ಯಕ್ಷರಾಗುವ ಉಮೇದು ಅವರದು. ಅವರ ಆಳ್ವಿಕೆಯ ಮಹಾಸಾಧನೆ ಎಂದರೆ ಒಂದು ಕೆಂಪು ಬೋರ್ಡು. 'ಶೌಚಾಲಯ ಅಂಗಡಿಯವರಿಗೆ ಮಾತ್ರ' ಎಂದು ಬರೆಸಿ, ಬೀದಿಯ ಪ್ರತಿಯೊಂದು ಅಂಗಡಿಗೂ ತಾವೇ ನಿಂತು ಮೊಳೆ ಹೊಡೆಸಿದ್ದರು. ಬೋರ್ಡು ತೂಗುಹಾಕಿದರೆ ಸಾಕೆ, ಪಾಲನೆಯಾಗುತ್ತಿದೆಯೋ ಇಲ್ಲವೋ ನೋಡಬೇಡವೆ? ಆಗಾಗ ತಮ್ಮ ಭಾವಮೈದುನನನ್ನು ಗಿರಾಕಿಯ ವೇಷದಲ್ಲಿ ಕಳಿಸುತ್ತಿದ್ದರು. ಅವನು ಹೊಟ್ಟೆ ಹಿಡಿದುಕೊಂಡು, ಮುಖ ಹಿಂಡಿಕೊಂಡು, "ಸ್ವಾಮೀ, ಒಂದು ನಿಮಿಷ" ಎಂದು ಅಂಗಲಾಚುತ್ತಿದ್ದ. ಕರುಣೆ ತೋರಿ ಒಳಗೆ ಬಿಟ್ಟವರ ಹೆಸರನ್ನು ಯಜಮಾನರು ಮುಂದಿನ ಸಭೆಯಲ್ಲಿ ಎದ್ದು ನಿಂತು ಓದುತ್ತಿದ್ದರು. ಹಾಗೆ ಹೆಸರು ಓದಿಸಿಕೊಂಡವನು ಬಣ್ಣದ ಮೀನು ಮಾರುವವನು. ಅವನ ಮುಖ ಇಂದಿಗೂ ಅವನ ಕೆಂಪು ಮೀನಿನ ಬಣ್ಣದಿಂದ ಇಳಿದಿರಲಿಲ್ಲ.

ಸ್ವಂತ ಅಂಗಡಿಯಲ್ಲಂತೂ ಯಜಮಾನರು ಬೋರ್ಡನ್ನೂ ನಂಬಲಿಲ್ಲ. ಶೌಚಾಲಯದ ಬಾಗಿಲನ್ನೇ ಮಾಯ ಮಾಡಿದ್ದರು. ಅದರ ಮುಂದೆ ಹಿತ್ತಾಳೆಯ ಬಳೆಗಳಿಗೆ ಸಿಕ್ಕಿಸಿ ನೆಲ ಮುಟ್ಟುವ ಒಂದು ಭಾರಿ ಪರದೆ ಇಳಿಬಿಟ್ಟಿದ್ದರು. ಮಾದರಿಗೆಂದು ಸುತ್ತ ತೂಗುಬಿಟ್ಟ ಹತ್ತಾರು ಪರದೆಗಳ ನಡುವೆ ಅದೂ ಒಂದು. ಯಾರಾದರೂ ಕೇಳಿದರೆ, "ಇಲ್ಲಿ ಆ ಸೌಕರ್ಯ ಇಲ್ಲ. ಬೀದಿ ಕೊನೆಗೆ ಹೋಗಿ, ಸಾರ್ವಜನಿಕ ಶೌಚಾಲಯ ಇದೆ" ಎಂದು ಕೈ ನೀಡಿ ದಾರಿ ತೋರುತ್ತಿದ್ದರು. ವಿಚಿತ್ರವೆಂದರೆ ಇಡೀ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದುದು ಅದೇ ನಮೂನೆಯ ಪರದೆ. "ನನ್ನ ಅಭಿರುಚಿ ನೋಡು" ಎಂದು ಯಜಮಾನರು ಮೀಸೆ ತಿರುವಿದಾಗಲೆಲ್ಲ ಹೆಂಡತಿ ಬಟ್ಟೆ ಅಳೆಯುವ ಟೇಪು ಸುತ್ತುತ್ತ, "ಹೌದು, ನಿಮ್ಮದೇ" ಎನ್ನುತ್ತಿದ್ದರು.

ಇಂಥ ಭದ್ರ ಸಾಮ್ರಾಜ್ಯಕ್ಕೆ ಮುತ್ತಿಗೆ ಹಾಕಿದ್ದು ಸಾಸಿವೆಯಷ್ಟು ಒಂದು ಕಲ್ಲು. ಅದು ಯಜಮಾನರ ಮೂತ್ರಪಿಂಡದಲ್ಲಿತ್ತು. "ನೀರು ಕುಡೀರಿ" ಎಂದಿದ್ದರು ವೈದ್ಯರು. "ಬಾಯಾರಿದಾಗ ಅಲ್ಲ, ನೆನಪಾದಾಗಲೆಲ್ಲ." ಯಜಮಾನರಿಗೆ ನೆನಪಾಗದಿದ್ದರೂ ಹೆಂಡತಿಗೆ ಆಗುತ್ತಿತ್ತು. ಮೇಜಿನ ಮೇಲೆ ಹೂಜಿ ಕುಕ್ಕಿ, ಕಣ್ಣಲ್ಲೇ ಲೋಟ ತೋರಿಸುತ್ತಿದ್ದರು. ಪರಿಣಾಮವಾಗಿ ಯಜಮಾನರಿಗೆ ಕುರ್ಚಿಯೆಂದರೆ ಕಾದ ಹೆಂಚು. ಕೂರುವುದು, ಏಳುವುದು, ಪರದೆಯ ಹಿಂದೆ ಮಾಯವಾಗುವುದು, ಮತ್ತೆ ಪ್ರತ್ಯಕ್ಷವಾಗುವುದು. ನೋಡಿದವರಿಗೆ ನಾಟಕದ ಕಂಪನಿಯೇನೋ ಎನಿಸಬೇಕು.

ಅಂದು ಮಧ್ಯಾಹ್ನವೂ ಹೀಗೇ ಎದ್ದರು. ಅವಸರದಲ್ಲಿ ಬಾಗಿಲು ತಳ್ಳಿ ಒಳಗೆ ನುಗ್ಗುವಾಗ ಪರದೆಯ ಅಂಚಿಗೆ ಕಾಲು ಸಿಕ್ಕಿತು. ಅಷ್ಟೇ ಸಾಕಾಯಿತು. ಮೇಲಿನ ಸರಳು ಕಳಚಿ, ಪರದೆ ಅವರ ತಲೆಯ ಮೇಲೆ ಕುಸಿದು, ಹಿತ್ತಾಳೆ ಬಳೆಗಳೆಲ್ಲ ಝಣಝಣ ಉರುಳಿ ಒಂದು ಹಿಡಿಯಷ್ಟು ನೇರವಾಗಿ ಕಮೋಡಿನೊಳಗೆ ಧುಮುಕಿದವು. ಪರದೆಯೊಳಗಿಂದ ತಲೆ ಹೊರಹಾಕಿದ ಯಜಮಾನರು ಸಿಟ್ಟಿನ ಭರದಲ್ಲಿ ಏನು ಮಾಡುತ್ತಿದ್ದೇನೆಂದು ಯೋಚಿಸದೆ ಫ್ಲಶ್ ಒತ್ತಿಬಿಟ್ಟರು. ಆಡಿದ ಮಾತು, ಬಿಟ್ಟ ಬಾಣ, ಒತ್ತಿದ ಫ್ಲಶ್ ಮೂರೂ ಹಿಂದಕ್ಕೆ ಬರುವಂಥವಲ್ಲ. ನೀರು ಮಾತ್ರ ಇಳಿಯುವ ಬದಲು ಗುಳುಗುಳು ಎನ್ನುತ್ತ ಅಂಚಿನವರೆಗೆ ಮೇಲೆದ್ದು, ಯಜಮಾನರ ಮುಖ ನೋಡಿಕೊಂಡು ಅಲ್ಲೇ ನಿಂತಿತು. ಬಂದ ಕೆಲಸ ಬಂದ ಹಾಗೇ ಉಳಿಯಿತು.

ಪ್ಲಂಬರ್ ಬಂದ. ಇಣುಕಿದ. "ಕಿತ್ತೇ ತೆಗೀಬೇಕು" ಎಂದ. ಕಿತ್ತ. ಕಿತ್ತಿದ್ದನ್ನು ತಂದು ಅಂಗಡಿಯ ನಟ್ಟನಡುವೆ, ರೇಷ್ಮೆ ಪರದೆಗಳ ಸಾಲಿನಲ್ಲಿ ಸಿಂಹಾಸನದಂತೆ ಸ್ಥಾಪಿಸಿದ.

"ಸಿಮೆಂಟ್ ತರ್ತೀನಿ ಸಾರ್. ಈಗ ಬಂದೆ."

ಪ್ಲಂಬರಿನ 'ಈಗ'ಕ್ಕೂ ಗಡಿಯಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಯಜಮಾನರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತರು. ಮನೆ ಊರಾಚೆ. ಬಸ್ಸಿನಲ್ಲಿ ಹೋಗೋಣವೆಂದರೆ ದಾರಿಯ ಒಂದೊಂದು ಗುಂಡಿಯೂ ಕಣ್ಣ ಮುಂದೆ ಬಂತು.

"ಪಕ್ಕದ ಅಂಗಡೀಲಿ ಕೇಳಿ" ಎಂದರು ಹೆಂಡತಿ.

"ನಾನಾ? ಅಧ್ಯಕ್ಷನಾಗಿ ನಾನೇ ಹೋಗಿ ಕೇಳೋದಾ?"

"ಅಧ್ಯಕ್ಷಗಿರಿ ನಿಮ್ಮದು, ಅವಸರಾನೂ ನಿಮ್ಮದು. ಯಾವುದು ಮುಖ್ಯ ಅಂತ ನೀವೇ ತೀರ್ಮಾನ ಮಾಡಿ. ಸ್ವಲ್ಪ ನೀರು ಕೊಡ್ಲಾ?"

ಯಜಮಾನರು ಬೀದಿಗಿಳಿದರು. ಮಾನವೂ ಉಳಿಯಬೇಕು, ಕೆಲಸವೂ ಆಗಬೇಕು. ಹಾಗಾದರೆ ಬೀದಿ ಕೊನೆಯ ಸಾರ್ವಜನಿಕ ಶೌಚಾಲಯವೇ ಗತಿ. ಸಾವಿರಾರು ಜನರಿಗೆ ದಾರಿ ತೋರಿಸಿದ ತಾವು ಎಂದೂ ಅಲ್ಲಿಗೆ ಹೋಗಿರಲಿಲ್ಲವೆಂಬುದು ಅರ್ಧ ದಾರಿಯಲ್ಲಿ ಹೊಳೆಯಿತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬೀಗಕ್ಕೆ ತುಕ್ಕು. ತುಕ್ಕಿನ ಮೇಲೆ ಜೇಡರ ಬಲೆ. ಮೆಟ್ಟಿಲ ಮೇಲೆ ಮರಿಗಳ ಸಮೇತ ಸಂಸಾರ ಹೂಡಿದ್ದ ಬೆಕ್ಕೊಂದು ಅವರನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿತು. ಪಕ್ಕದಲ್ಲಿ ನಕಲಿ ಕೀಲಿ ಮಾಡುವವನೊಬ್ಬ ಕೂತಿದ್ದ.

"ಇದನ್ನ ಯಾವಾಗ ತೆಗೀತಾರಪ್ಪಾ?"

"ನಾನು ಇಲ್ಲಿ ಕೂತಾಗಿಂದ ತೆಗೆದಿದ್ದು ನೋಡಿಲ್ಲ. ಅದ್ಯಾರೋ ಪರದೆ ಅಂಗಡಿಯವನಂತೆ, ದಿನಾ ಜನಾನ ಇಲ್ಲಿಗೆ ಅಟ್ಟುತಾನೆ. ಬಂದವರೆಲ್ಲ ಅವನಿಗೆ ಬಯ್ದು ಹೋಗ್ತಾರೆ. ನೀವೂ ಬಯ್ಯೋದಿದ್ರೆ ಬಯ್ದು ಹೋಗಿ, ಸಂಕೋಚ ಬೇಡ."

"ಇವತ್ತು ಬೇಡ" ಎಂದು ಯಜಮಾನರು ತಿರುಗಿ ನಡೆದರು. ನಡೆದರು ಎಂದರೆ ತಪ್ಪಾದೀತು. ಮೊಳಕಾಲುಗಳು ಒಂದನ್ನೊಂದು ಅಗಲದೆ, ಪಾದಗಳು ಮಾತ್ರ ಓಡುವ ಆ ಗತಿಗೆ ಹೆಸರಿಲ್ಲ.

ಮೊದಲು ಸಿಕ್ಕಿದ್ದು ಗಡಿಯಾರ ರಿಪೇರಿ ತಾತನ ಅಂಗಡಿ. ಗೋಡೆ ತುಂಬ ಗಡಿಯಾರಗಳು ಟಿಕ್ ಟಿಕ್ ಟಿಕ್ ಎಂದು ಯಜಮಾನರ ಪ್ರಾಣದ ಗಳಿಗೆಗಳನ್ನು ಎಣಿಸುತ್ತಿದ್ದವು. "ತಾತಾ, ಸ್ವಲ್ಪ ನಿಮ್ಮ... ಹಿಂದುಗಡೆ..." ಎಂದು ತೊದಲಿದರು.

ತಾತ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆಯೇ ತಲೆಯೆತ್ತಿದ. ಮುಖ ಅರಳಿತು. "ಸಿಕ್ಕಿಬಿದ್ರಿ ಅಧ್ಯಕ್ಷರೇ! ಮೊದಲು ಭಾವಮೈದುನನ್ನ ಕಳಿಸ್ತಿದ್ರಿ, ಈಗ ನೀವೇ ಬಂದ್ರಾ ಪರೀಕ್ಷೆ ಮಾಡೋಕೆ?"

"ಪರೀಕ್ಷೆ ಅಲ್ಲ ತಾತಾ, ಇದು ನಿಜ."

"ಅವನೂ ಹೀಗೇ ಅಂತಿದ್ದ. ಆದ್ರೆ ನಿಮ್ಮಷ್ಟು ಚೆನ್ನಾಗಿ ಅಭಿನಯ ಬರ್ತಿರಲಿಲ್ಲ. ಹಣೆ ಮೇಲೆ ಬೆವರು ಬೇರೆ ತರಿಸ್ಕೊಂಡಿದ್ದೀರಿ. ನಾನು ಬಗ್ಗಲ್ಲ. ಸಂಜೆ ಸಭೇಲಿ ಹೇಳಿ, ತಾತ ಕಲ್ಲು ಅಂತ."

ಕಲ್ಲಿನ ಮಾತೆತ್ತಿದ್ದೇ ಯಜಮಾನರಿಗೆ ಇನ್ನಷ್ಟು ಒತ್ತಿ ಬಂತು. ಎದುರಿನ ಕನ್ನಡಕದ ಅಂಗಡಿಗೆ ನುಗ್ಗಿದರು. ಬೀದಿಯವರೆಲ್ಲ ಕನ್ನಡಕದಕ್ಕ ಎನ್ನುವ ಅದರ ಒಡತಿ, ಅವರು ಬಾಯಿ ತೆರೆಯುವ ಮೊದಲೇ ಕುರ್ಚಿಗೆ ಕೂರಿಸಿ ಮೂಗಿಗೊಂದು ಕಬ್ಬಿಣದ ಚೌಕಟ್ಟು ಸಿಕ್ಕಿಸಿಬಿಟ್ಟರು.

"ಅಕ್ಕಾ, ಕಣ್ಣಲ್ಲ ತೊಂದರೆ..."

"ಗೊತ್ತು ಬಿಡಿ, ಗಡಿಯಾರದ ತಾತ ಅಲ್ಲಿಂದಲೇ ಸನ್ನೆ ಮಾಡಿದ್ರು. ಎದುರಿಗೆ ಕೆಂಪು ಬೋರ್ಡ್ ಇದೆಯಲ್ಲ, ಓದಿ."

"'ಶೌಚಾಲಯ ಅಂಗಡಿಯವರಿಗೆ ಮಾತ್ರ.'"

"ಅದರ ಕೆಳಗೆ?"

"'ದಯವಿಟ್ಟು ಒತ್ತಾಯಿಸಬೇಡಿ.'"

"ಇನ್ನೂ ಕೆಳಗೆ, ಸಣ್ಣಕ್ಷರ."

"'ಅಧ್ಯಕ್ಷರ ಆಜ್ಞೆ ಮೇರೆಗೆ.'"

"ಕಣ್ಣು ಚೆನ್ನಾಗೇ ಇದೆ. ಹೋಗ್ಬನ್ನಿ."

ಹತ್ತಿರದಲ್ಲಿ ಉಳಿದದ್ದು ಬಣ್ಣದ ಮೀನಿನ ಅಂಗಡಿ. ಯಜಮಾನರು ಆ ದಿಕ್ಕಿಗೆ ತಲೆ ಹಾಕಿ ಮಲಗುವುದನ್ನೂ ಬಿಟ್ಟಿದ್ದರು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಒಳಗೆ ಕಾಲಿಟ್ಟದ್ದೇ ತಡ, ನಾಲ್ಕೂ ಕಡೆಯಿಂದ ಗಾಜಿನ ತೊಟ್ಟಿಗಳು ಬುಳುಬುಳು, ಗುಳುಗುಳು, ಸುರುಸುರು ಎನ್ನತೊಡಗಿದವು. ಶತ್ರುವಿಗೂ ಆ ಸಂಗೀತ ಬೇಡ. ಯಜಮಾನರು ಕಂಬ ತಬ್ಬಿಕೊಂಡರು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ವಯಸ್ಸಾದ ಹೆಂಗಸೊಬ್ಬರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದರು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ. ಆ ಚಿನ್ನದ ಬಣ್ಣದ ಮೀನು ಒಂದು ಜೊತೆ ಕೊಡು" ಎಂದು ಕೊಂಡು ಹೋದರು.

ಯಜಮಾನರ ಕಣ್ಣು ಕವಡೆಯಾಯಿತು. "ಯಾರೋ ಆಕೆ?"

"ಗಿರಾಕಿ."

"ಒಳಗೆ ಬಿಟ್ಟೆಯಾ? ಮತ್ತೆ ನಿಯಮ?"

"ನಿಯಮ ನಿಮಗೋಸ್ಕರ ಅಲ್ವಾ ಅಣ್ಣಾ? ನೀವು ಬಂದಾಗ ಪಾಲಿಸ್ತೀವಿ. ನಿಮ್ಮ ಭಾವಮೈದುನ ಬಂದಾಗ ಪಾಲಿಸ್ತೀವಿ. ಪಾಪ, ಬೇರೆಯವರಿಗೆ ಯಾಕೆ ತೊಂದರೆ?"

"ಬೀದಿಯವರೆಲ್ಲ ಹೀಗೇನಾ?"

"ತಾತಾನೂ ಅಷ್ಟೇ, ಅಕ್ಕಾನೂ ಅಷ್ಟೇ."

ಬೇರೆ ದಿನವಾಗಿದ್ದರೆ ಯಜಮಾನರು ಭೂಮಿ ಆಕಾಶ ಒಂದು ಮಾಡುತ್ತಿದ್ದರು. ಇಂದು ಎರಡನ್ನೂ ಅಲುಗಾಡಿಸುವ ಧೈರ್ಯವಿರಲಿಲ್ಲ. "ನನ್ನನ್ನೂ ಬಿಡಪ್ಪಾ."

"ಬಿಟ್ರೆ ಸಭೇಲಿ ಹೆಸರು ಓದ್ತೀರಿ."

"ಓದಲ್ಲ. ನಿಯಮಾನೇ ರದ್ದು. ಈಗಲೇ ರದ್ದು."

"ಅಧ್ಯಕ್ಷರು ಒಬ್ಬರೇ ರದ್ದು ಮಾಡೋ ಹಾಗಿಲ್ಲ, ಸಭೆ ಸೇರ್ಬೇಕು ಅಂತ ನೀವೇ ಅಲ್ವಾ ಕಾಯ್ದೆ ಮಾಡಿದ್ದು?"

ಮೀನಿನವನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ. ಕ್ಷಣದಲ್ಲಿ ತಾತ ಬಂದ, ಕನ್ನಡಕದಕ್ಕ ಬಂದರು, ಚಪ್ಪಲಿ ಅಂಗಡಿಯವನು ಒಂದು ಕೈಯಲ್ಲಿ ಬೂಟು ಹಿಡಿದೇ ಬಂದ. ತೊಟ್ಟಿಗಳ ನಡುವೆ ತುರ್ತು ಸಭೆ ಸೇರಿತು. ಚಪ್ಪಲಿಯವನು ಗಂಟಲು ಸರಿಮಾಡಿಕೊಂಡು, "ಈ ವಿಷಯದಲ್ಲಿ ನನ್ನದು ಎರಡು ಮಾತಿದೆ" ಎಂದು ಶುರುಮಾಡಿದ. ಅಂಗಡಿ ಎಂದರೇನು, ಗಿರಾಕಿ ಎಂದರೆ ಯಾರು, ಅವರಿಬ್ಬರ ನಡುವಿನ ಸಂಬಂಧ ಎಂಥದು ಎಂದು ಮಾತು ಬೆಳೆಯಿತು.

"ಬೇಗ ಮುಗಿಸೋ!" ಎಂದು ಯಜಮಾನರು ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಒಬ್ಬ ಸದಸ್ಯ ಮಾತಾಡುವಾಗ ಅಡ್ಡ ಬಾಯಿ ಹಾಕಬಾರದು. ಹೋದ ವರ್ಷ ನೀವೇ ಮಾಡಿದ ಕಾಯ್ದೆ. ನಾನು ಅಡ್ಡ ಬಾಯಿ ಹಾಕಿದ್ದಕ್ಕೇ ಮಾಡಿದ್ರಿ. ಎಲ್ಲಿದ್ದೆ? ಮರೆತೇ ಹೋಯ್ತು. ಮೊದಲಿಂದ ಹೇಳ್ತೀನಿ."

ಎಲ್ಲಕ್ಕೂ ಕೊನೆಯುಂಟು, ಚಪ್ಪಲಿಯವನ ಭಾಷಣಕ್ಕೂ. ರದ್ದತಿಯ ಪರ ಇರುವವರು ಕೈ ಎತ್ತಿ ಎಂದಾಗ ಯಜಮಾನರು ಎರಡೂ ಕೈ ಎತ್ತಿದರು.

"ಅಧ್ಯಕ್ಷರಿಗೂ ಒಂದೇ ವೋಟು" ಎಂದರು ಕನ್ನಡಕದಕ್ಕ.

ಫಲಿತಾಂಶ ಕೇಳಲು ಯಜಮಾನರು ಅಲ್ಲಿರಲಿಲ್ಲ. ಹಿಂದಿನ ಬಾಗಿಲು ದಢಾರನೆ ಮುಚ್ಚಿಕೊಂಡಿತ್ತು. ಬಹಳ ಹೊತ್ತಿನ ಮೇಲೆ ಹೊರಬಂದ ಯಜಮಾನರ ಮುಖದಲ್ಲಿ ತಪಸ್ಸು ಫಲಿಸಿದವರ ಕಳೆಯಿತ್ತು. ಕಂಡಕಂಡವರಿಗೆಲ್ಲ ಕೈ ಮುಗಿದರು. ಮೀನುಗಳಿಗೂ ಮುಗಿದರು.

ತಮ್ಮ ಅಂಗಡಿಗೆ ಮರಳಿದಾಗ ಹೆಂಡತಿ ನೆಲದಲ್ಲಿ ಕೂತು ಪರದೆಗೆ ಬಳೆ ಪೋಣಿಸುತ್ತಿದ್ದರು.

"ಕೇಳಿದೆಯಾ, ಈ ಬೀದೀಲಿ ಎಲ್ಲರೂ ನನ್ನ ಬೆನ್ನ ಹಿಂದೆ ಗಿರಾಕಿಗಳನ್ನ ಒಳಗೆ ಬಿಡ್ತಿದ್ರಂತೆ. ನಮ್ಮ ಅಂಗಡಿ ಒಂದೇ ನೋಡು ಮಾತಿಗೆ ತಪ್ಪದೇ ಇದ್ದಿದ್ದು."

ಹೆಂಡತಿ ತಲೆಯೆತ್ತಲಿಲ್ಲ. "ನೀವು ಊಟಕ್ಕೆ ಹೋದಾಗ, ಬ್ಯಾಂಕಿಗೆ ಹೋದಾಗ, ಪೇಟೇಲಿ ಭಾಷಣ ಮಾಡೋಕೆ ಹೋದಾಗ ಎಷ್ಟು ಜನ ಈ ಪರದೆ ಸರಿಸಿ ಹೋಗಿ ಬಂದಿದ್ದಾರೆ ಗೊತ್ತಾ? ಇಲ್ಲದಿದ್ರೆ ಸರಳು ಯಾಕೆ ಇಷ್ಟು ಬೇಗ ಸಡಿಲ ಆಗ್ತಿತ್ತು?"

ಯಜಮಾನರು ಅಂಗಡಿಯ ನಡುವೆ ಇದ್ದ ಸಿಂಹಾಸನದ ಮೇಲೆ ಕುಸಿದರು.

"ಒಳಗೆ ಹೋಗುವಾಗ ಯಾರಿಗೂ ಪರದೆ ಕಾಣಿಸಲ್ಲ ರೀ. ಹೊರಗೆ ಬರುವಾಗ ಮನಸ್ಸು ಹಗುರ ಇರುತ್ತೆ. ಮೊದಲು ಕಣ್ಣಿಗೆ ಬೀಳೋದೇ ಇದು. 'ಎಷ್ಟು ಚೆನ್ನಾಗಿದೆ, ಇಂಥದ್ದೇ ಕೊಡಿ' ಅಂತಾರೆ. ಅಭಿರುಚಿ ನಿಮ್ಮದೇ, ಇಲ್ಲ ಅನ್ನಲ್ಲ."

ಆ ಸಂಜೆ ಅವರೇ ಮತ್ತೆ ಅಧ್ಯಕ್ಷರಾದರು. ಬೇರೆ ಯಾರಿಗೂ ಆ ಕೆಲಸ ಬೇಕಿರಲಿಲ್ಲ. ಆದರೆ ಯಜಮಾನರು ವ್ಯಾಪಾರಿ. ಬಿದ್ದರೂ ಮಣ್ಣು ಹಿಡಿದುಕೊಂಡೇ ಏಳುವವರು. ಕಮೋಡು ಸ್ವಸ್ಥಾನ ಸೇರಿದ ದಿನವೇ, ವರ್ಷಗಳಿಂದ ಯಾರೂ ಮೂಸಿ ನೋಡದ ಬದನೆಕಾಯಿ ಬಣ್ಣದ ಪರದೆಯನ್ನು ಮೂಲೆಯಿಂದ ಎಳೆದು ತಂದು ಆ ಬಾಗಿಲಿಗೆ ತೂಗುಹಾಕಿದರು. ಕೆಂಪು ಬೋರ್ಡು ಕಿತ್ತು, ತಾವೇ ಮುಂದೆ ನಿಂತರು. ಮೊದಲ ಗಿರಾಕಿಯಾಗಿ ಒಳಬಂದವರು ಒಬ್ಬ ವಯಸ್ಸಾದ ಹೆಂಗಸು. ಕೈಯಲ್ಲೊಂದು ಚೀಲ.

"ಬನ್ನಿ ತಾಯೀ, ಬನ್ನಿ. ಬಿಸಿಲಲ್ಲಿ ದೂರದಿಂದ ಬಂದಿದ್ದೀರಿ. ಪರದೆ ಆಮೇಲೆ ನೋಡೋಣ. ಮೊದಲು ಒಳಗೆ ಹೋಗಿ ಬನ್ನಿ, ಏನೂ ಸಂಕೋಚ ಬೇಡ" ಎಂದು ಯಜಮಾನರು ಬದನೆಕಾಯಿ ಬಣ್ಣವನ್ನು ಎರಡೂ ಕೈಯಿಂದ ಸರಿಸಿ ಹಿಡಿದರು.

"ಬೇಡಪ್ಪಾ" ಎಂದರು ಆಕೆ, ನೀರು ತುಂಬಿದ ಚೀಲವನ್ನು ಎತ್ತಿ ತೋರಿಸುತ್ತ. ಅದರೊಳಗೆ ಒಂದು ಜೊತೆ ಮೀನು ಯಜಮಾನರನ್ನು ನೋಡುತ್ತಿತ್ತು. "ಅಲ್ಲೇ ಮುಗಿಸ್ಕೊಂಡು ಬಂದೆ."